ಗುಣವಾದವಳ ಕಥೆ: ‘ಶರಪಂಜರ’ದ ಮರುವಿಚಾರ

ಒಂದು ಕಾದಂಬರಿ ಬಹುಕಾಲ ಜನರ ಬಾಯಲ್ಲಿ ಉಳಿದರೆ ಅದಕ್ಕೆ ಎರಡು ಬಗೆಯ ಅನ್ಯಾಯವಾಗುವ ಸಂಭವವುಂಟು. ಜನಸಾಮಾನ್ಯರು ಅದನ್ನು ಮೆಚ್ಚಿ ಮೆಚ್ಚಿ, ಕೊನೆಗೆ ಅದರ ಒಂದೆರಡು ಸನ್ನಿವೇಶಗಳನ್ನಷ್ಟೇ ನೆನಪಿನಲ್ಲಿಟ್ಟುಕೊಂಡು ಉಳಿದುದನ್ನು ಮರೆತುಬಿಡುತ್ತಾರೆ. ವಿದ್ವಾಂಸರಾದರೋ ಅದು ಜನಪ್ರಿಯವಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ. ತ್ರಿವೇಣಿಯವರ ‘ಶರಪಂಜರ’ಕ್ಕೆ ಈ ಎರಡೂ ಅನ್ಯಾಯಗಳು ಆಗಿವೆ. ಸಿನಿಮಾ ಕಂಡವರಿಗೆ ಅದು ಹುಚ್ಚಿಯೊಬ್ಬಳ ಕಥೆ. ವಿಮರ್ಶಕರಿಗೆ ಅದು ಹೆಂಗಸರ ಕಣ್ಣೀರಿನ ಕಥೆ. ಆದರೆ ಪುಸ್ತಕವನ್ನು ಕೈಗೆತ್ತಿಕೊಂಡು ನಿಧಾನವಾಗಿ ಓದಿದವರಿಗೆ ಅದು ಈ ಎರಡೂ ಅಲ್ಲವೆಂಬುದು ಹೊಳೆಯದಿರದು. ಅದು ಬಾಣಂತಿಯೊಬ್ಬಳ ಕಥೆ. ಅದಕ್ಕಿಂತ ಹೆಚ್ಚಾಗಿ, ಕಾಯಿಲೆ ವಾಸಿಯಾಗಿ ಮನೆಗೆ ಮರಳಿದವಳ ಕಥೆ. ಈ ಭೇದವನ್ನು ಗುರುತಿಸದೆ ಈ ಕೃತಿಯ ಬೆಲೆ ಕಟ್ಟುವುದು ಸಾಧ್ಯವಿಲ್ಲ.

ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ. ಕಾವೇರಿ ಸುಶಿಕ್ಷಿತೆ, ಸುಂದರಿ. ಸತೀಶನನ್ನು ಮೆಚ್ಚಿ ಮದುವೆಯಾದವಳು. ಸಂಸಾರ ಸುಖವಾಗಿಯೇ ಸಾಗಿದೆ. ಎರಡನೆಯ ಹೆರಿಗೆಯಾದ ಮೇಲೆ ಆಕೆಯ ಬುದ್ಧಿ ಕದಡುತ್ತದೆ. ಮದುವೆಗೆ ಮುಂಚೆ ನಡೆದುಹೋದ, ಆಕೆ ಎದೆಯೊಳಗೇ ಅದುಮಿಟ್ಟುಕೊಂಡಿದ್ದ ಒಂದು ಕಹಿ ಘಟನೆ ಆ ಕಲಕಿದ ಮನಸ್ಸಿನಿಂದ ಮೇಲೆದ್ದು ಬರುತ್ತದೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದು ಗುಣವಾಗುತ್ತದೆ. ಆಮೇಲೆ ಆಕೆ ಮನೆಗೆ ಬರುತ್ತಾಳೆ. ಬಂದ ಮನೆ ಹಿಂದಿನ ಮನೆಯಾಗಿ ಉಳಿದಿಲ್ಲ. ನೆರೆಹೊರೆಯವರ ನೋಟ ಬದಲಾಗಿದೆ, ಆಳುಕಾಳುಗಳ ಮಾತು ಬದಲಾಗಿದೆ. ಗಂಡನ ಬದುಕಿನಲ್ಲಿ ಈ ನಡುವೆ ಬೇರೊಬ್ಬಳು ಬಂದಿದ್ದಾಳೆ. ಇಷ್ಟನ್ನೂ ತಾಳಿಕೊಳ್ಳಲು ಹೆಣಗಿದ ಆ ಜೀವ ಕೊನೆಗೆ ಮತ್ತೆ ಕುಸಿಯುತ್ತದೆ.

ಇದನ್ನು ಬರೆದವರು ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವರು. ತ್ರಿವೇಣಿ ಎಂಬ ಕಾವ್ಯನಾಮದ ಅನಸೂಯಾ ಶಂಕರ್ ಅವರು 1928ರಲ್ಲಿ ಜನಿಸಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಹತ್ತು-ಹನ್ನೆರಡು ವರ್ಷಗಳ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ‘ಬೆಕ್ಕಿನ ಕಣ್ಣು’, ‘ದೂರದ ಬೆಟ್ಟ’, ‘ಹಣ್ಣೆಲೆ ಚಿಗುರಿದಾಗ’, ‘ಬೆಳ್ಳಿಮೋಡ’—ಇವುಗಳ ಹೆಸರು ಕೇಳದ ಓದುಗರು ವಿರಳ. 1963ರ ಜುಲೈ ತಿಂಗಳಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. ಅವರನ್ನು ಕೊಂಡೊಯ್ದದ್ದು ದೇಹದ ವ್ಯಾಧಿಯೇ ಹೊರತು ಮನಸ್ಸಿನದಲ್ಲ. ಬಾಣಂತಿಯ ಸಂಕಟವನ್ನು ಬರೆದಾಕೆ ಬಾಣಂತಿಯಾಗಿಯೇ ಹೋದರೆಂಬುದನ್ನು ವಿಧಿಯ ಲೀಲೆಯೆಂದು ಹಾಡಿ ಹೊಗಳುವುದು ಸುಲಭ. ಅದರಿಂದ ಕೃತಿಯ ವಿಮರ್ಶೆಯಾಗಲಿ ಲೇಖಕಿಯ ಗೌರವವಾಗಲಿ ಹೆಚ್ಚುವುದಿಲ್ಲ. ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡೋಣ.

ಕಾವೇರಿಗೆ ಬಂದ ಕಾಯಿಲೆ ಯಾವುದು? ನಮ್ಮ ಹಿರಿಯರು ಇದಕ್ಕೆ ‘ಬಾಣಂತಿ ಸನ್ನಿ’ ಎಂದು ಹೆಸರಿಟ್ಟಿದ್ದರು. ಜ್ವರ ತಲೆಗೇರಿ ಬಡಬಡಿಸುವುದೂ ಅವರಿಗೆ ಸನ್ನಿಯೇ, ಜ್ವರವಿಲ್ಲದೆ ಬುದ್ಧಿ ಕದಡುವುದೂ ಸನ್ನಿಯೇ. ಇಂದಿನ ವೈದ್ಯರು ಹೆರಿಗೆಯ ನಂತರದ ಮನಸ್ಸಿನ ತೊಂದರೆಗಳನ್ನು ಮೂರು ತೆರನಾಗಿ ವಿಂಗಡಿಸುತ್ತಾರೆ. ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು, ಮನಸ್ಸು ಹಗುರಾಗಿ ಮರುಗಳಿಗೆಯಲ್ಲಿ ಭಾರವಾಗುವುದು—ಇದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಬಂದು ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಎರಡನೆಯದು ಖಿನ್ನತೆ. ಅದು ಬಸಿರಿನಲ್ಲಿಯೇ ಮೊದಲಾಗಬಹುದು. ಹೆರಿಗೆಯ ನಂತರ ತಿಂಗಳುಗಟ್ಟಲೆ ಉಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ನೂರು ಬಸುರಿಯರಲ್ಲಿ ಸುಮಾರು 15 ಮಂದಿಗೆ, ನೂರು ಬಾಣಂತಿಯರಲ್ಲಿ ಸುಮಾರು 20 ಮಂದಿಗೆ ಇಂಥ ಮಾನಸಿಕ ತೊಂದರೆ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಖಿನ್ನತೆಯದೇ. ಮೂರನೆಯದು ಕಾವೇರಿಗೆ ಬಂದಂಥದ್ದು. ಸಾವಿರ ಹೆರಿಗೆಗಳಲ್ಲಿ ಒಂದೆರಡಕ್ಕೆ ಮಾತ್ರ ಕಾಣಿಸಿಕೊಳ್ಳುವ ಇದು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿಯೇ ಬಿರುಗಾಳಿಯಂತೆ ಬರುತ್ತದೆ. ನಿದ್ದೆ ಹಾರಿಹೋಗುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಕೂಸು ತನ್ನದಲ್ಲವೆನ್ನಿಸುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ ಅದು. ಆದರೆ ಚೆನ್ನಾಗಿ ಗುಣವಾಗುವ ಕಾಯಿಲೆಯೂ ಹೌದು.

ಇಷ್ಟು ಹಳೆಯ ಅನುಭವಕ್ಕೆ ನಮ್ಮ ಸಾಹಿತ್ಯದಲ್ಲಿ ಇಷ್ಟು ಕಡಮೆ ಜಾಗ ಸಿಕ್ಕಿರುವುದೇಕೆ ಎಂಬುದು ಆಲೋಚಿಸತಕ್ಕ ವಿಷಯ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ಗರತಿಯ ಹಾಡುಗಳನ್ನು ನೋಡಿದರೆ ಬಸುರಿಯ ಬಯಕೆಯಿದೆ, ಬಂಜೆಯ ಕೊರಗಿದೆ, ತವರಿನ ಹಂಬಲವಿದೆ, ತೊಟ್ಟಿಲ ಸಂಭ್ರಮವಿದೆ. ಕೂಸನ್ನು ಕಂಡು ಹೆದರುವ ತಾಯಿ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದು ನಂಬಿದ ಲೋಕದಲ್ಲಿ, ಹೆತ್ತ ಕೂಸಿನ ಮೇಲೆ ಮುದ್ದು ಹುಟ್ಟಲಿಲ್ಲವೆಂದು ಯಾವ ಹೆಣ್ಣು ತಾನೆ ಬಾಯಿಬಿಟ್ಟು ಹೇಳಿಯಾಳು? ಹಾಡಿಗೆ ಸಿಕ್ಕದ ಆ ದುಃಖ ಬೇರೆ ದಾರಿ ಹುಡುಕಿಕೊಂಡಿತು. ಗಾಳಿ ಸೋಕಿತು, ಕಣ್ಣು ತಾಕಿತು, ಯಾರೋ ಮಾಡಿಸಿದರು ಎಂಬ ಮಾತುಗಳಲ್ಲಿ ಅದು ಬದುಕಿತು.

ನಮ್ಮ ಬೀದರ ಸೀಮೆಯ ಬಾಣಂತನವನ್ನೇ ನೋಡಿ. ಬೆಳಕಿಲ್ಲದ ಒಂದು ಕೋಣೆ, ಹೊರಸಿನ ಕೆಳಗೆ ಕೆಂಡದ ಶೇಗಡಿ, ಲೋಬಾನದ ಹೊಗೆ, ತಲೆಗೆ ಕಿವಿಗೆ ಬಿಗಿದ ಬಟ್ಟೆ, ಅಳ್ವಿಯ ಪಾಯಸ, ಅಂಟಿನ ಉಂಡಿ. ಐದನೆಯ ದಿನ ಸಟಿವಿಯ ಪೂಜೆ. ಆ ರಾತ್ರಿ ಸಟಿವಿ ತಾಯಿ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳೆಂಬ ನಂಬಿಕೆ. ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳಿರುವ ಭಾಲ್ಕಿ-ಔರಾದಗಳಲ್ಲಿ ದೇವತೆಯ ಹೆಸರು ಓಣಿಯಿಂದ ಓಣಿಗೆ ಬದಲಾದರೂ ಕೋಣೆಯ ಕತ್ತಲು ಬದಲಾಗುವುದಿಲ್ಲ. ಈ ಏರ್ಪಾಡನ್ನು ಹಳೆಯ ಕಂದಾಚಾರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ತವರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ, ಕೂಸನ್ನು ಎತ್ತಿಕೊಳ್ಳಲು ನಾಲ್ಕು ಕೈ, ತಾಯಿಯ ನಿದ್ದೆಗೆ ಅನುಕೂಲ—ಇವು ಮನಸ್ಸಿಗೆ ನಿಜವಾದ ಔಷಧಗಳೇ. ಆದರೆ ಬಾಣಂತಿಯ ಮೈಯನ್ನು ಇಷ್ಟು ಕಾಳಜಿಯಿಂದ ಕಾಯುವ ಈ ಕೋಣೆಯಲ್ಲಿ ಆಕೆಯ ಮನಸ್ಸನ್ನು ಕೇಳುವವರಿಲ್ಲ. ನೋಡಬಂದವರೆಲ್ಲ ಕೂಸನ್ನು ನೋಡುತ್ತಾರೆ. ಹುಟ್ಟಿದ್ದು ಹೆಣ್ಣಾದರಂತೂ ನೋಡುವವರ ಮುಖವೇ ಬಾಣಂತಿಗೆ ಮೊದಲ ಬಾಣ.

ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರಗಳಾಗಿದ್ದ ತಾಯಂದಿರಲ್ಲಿ ಶೇಕಡಾ 23 ಮಂದಿಗೆ ಖಿನ್ನತೆ ಕಂಡುಬಂದಿತು. ಬಡತನ, ಗಂಡನ ಹೊಡೆತ, ಹುಟ್ಟಿದ ಕೂಸು ಗಂಡಲ್ಲವೆಂಬ ನಿರಾಶೆ—ಇವು ಆ ಖಿನ್ನತೆಗೆ ಹತ್ತಿರದ ನಂಟರೆಂಬುದೂ ತಿಳಿದುಬಂತು. ನಮ್ಮ ಅಜ್ಜಿಯರಿಗೆ ಇದು ತಿಳಿದಿರಲಿಲ್ಲವೆಂದಲ್ಲ. ಹೇಳಲು ಮಾತಿರಲಿಲ್ಲ, ಕೇಳಲು ಜನರಿರಲಿಲ್ಲ. ತ್ರಿವೇಣಿಯವರ ಮೊದಲ ಹಿರಿಮೆಯೆಂದರೆ ಈ ಕತ್ತಲ ಕೋಣೆಯ ಬಾಗಿಲನ್ನು ಅವರು ಕಾದಂಬರಿಯಲ್ಲಿ ತೆರೆದದ್ದು. ದೆವ್ವವೆಂಬ ಮಾತನ್ನು ಅವರು ಕಾಯಿಲೆಯೆಂಬ ಮಾತಿನಿಂದ ಓಡಿಸಿದರು. ಲಕ್ಷಾಂತರ ಓದುಗರಿಗೆ, ಅದರಲ್ಲಿಯೂ ಮಧ್ಯಮವರ್ಗದ ಗೃಹಿಣಿಯರಿಗೆ, ಬಾಣಂತಿಗೆ ಹೀಗೂ ಆಗಬಹುದು, ಆದದ್ದು ಗುಣವಾಗಲೂಬಹುದು ಎಂದು ತಿಳಿಸಿದ್ದು ಯಾವ ವೈದ್ಯಗ್ರಂಥವೂ ಅಲ್ಲ, ಈ ಕಾದಂಬರಿ.

ಹಾಗೆಂದು ಕೃತಿಯಲ್ಲಿ ಕುಂದಿಲ್ಲವೆನ್ನುವಂತಿಲ್ಲ. ರೋಗದ ಮೂಲವನ್ನು ಲೇಖಕಿ ಹುಡುಕಿದ್ದು ಅದುಮಿಟ್ಟ ಪಾಪಪ್ರಜ್ಞೆಯಲ್ಲಿ. ಆ ಕಾಲದಲ್ಲಿ ಮನಶ್ಶಾಸ್ತ್ರವೆಂದರೆ ಫ್ರಾಯ್ಡನ ಶಾಸ್ತ್ರವೇ ಎಂಬಷ್ಟು ಅವನ ಪ್ರಭಾವವಿತ್ತು. ಆದುದರಿಂದ ಇದು ಸಹಜವೇ. ಆದರೆ ಇದರ ಪರಿಣಾಮವನ್ನು ಗಮನಿಸಬೇಕು. ಮದುವೆಗೆ ಮುಂಚಿನ ಘಟನೆಯೊಂದು ರೋಗಕ್ಕೆ ಕಾರಣವೆಂದಾದ ಕೂಡಲೇ ಓದುಗರ ಮನಸ್ಸು ತಕ್ಕಡಿ ಹಿಡಿದು ಕೂರುತ್ತದೆ: ತಪ್ಪು ಯಾರದು, ಶಿಕ್ಷೆ ಎಷ್ಟು? ರೋಗ ಕರ್ಮಫಲವಾಗುತ್ತದೆ. ದೆವ್ವವನ್ನು ಮುಂಬಾಗಿಲಿನಿಂದ ಓಡಿಸಿದ ಕಾದಂಬರಿ ಪಾಪವನ್ನು ಹಿತ್ತಲಬಾಗಿಲಿನಿಂದ ಒಳಕ್ಕೆ ಬಿಟ್ಟುಕೊಂಡಂತಾಯಿತು.

ವೈದ್ಯಶಾಸ್ತ್ರ ಇಂದು ಹೇಳುವುದೇ ಬೇರೆ. ಹೆರಿಗೆಯಾದೊಡನೆ ದೇಹದೊಳಗಿನ ಹಾರ್ಮೋನುಗಳು ಥಟ್ಟನೆ ಇಳಿದುಹೋಗುವುದು, ರಾತ್ರಿಗಟ್ಟಲೆ ನಿದ್ದೆಗೆಡುವುದು, ವಂಶದಲ್ಲಿ ಉನ್ಮಾದ-ಖಿನ್ನತೆಗಳು ಸರದಿಯಾಗಿ ಬರುವ ಕಾಯಿಲೆಯಿರುವುದು, ಹಿಂದಿನ ಹೆರಿಗೆಯಲ್ಲಿ ಇಂಥದೇ ಆಗಿರುವುದು—ಇವು ಬಾಣಂತಿಯ ಈ ತೀವ್ರ ಕಾಯಿಲೆಗೆ ದಾರಿಮಾಡುವ ಸಂಗತಿಗಳು. ಯಾವ ಕಳಂಕವೂ ಇಲ್ಲದ, ಯಾವ ದುಃಖವನ್ನೂ ಕಾಣದ ಹೆಣ್ಣಿಗೂ ಇದು ಬರುತ್ತದೆ. 1858ರಷ್ಟು ಹಿಂದೆಯೇ ಪ್ಯಾರಿಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಬಸುರಿ, ಬಾಣಂತಿ ಮತ್ತು ಹಾಲೂಡುವ ತಾಯಂದಿರ ಮನೋರೋಗಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದಿದ್ದನು. ಇಲ್ಲಿ ತ್ರಿವೇಣಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಕಾಯಿಲೆ ಬರುವುದಕ್ಕೆ ಕಾರಣ ದೇಹದ್ದಾದರೂ, ಬಂದ ಮೇಲೆ ರೋಗಿ ಆಡುವ ಮಾತಿನ ಸಾಮಗ್ರಿ ಆಕೆಯ ಬದುಕಿನದೇ. ಕಾವೇರಿಯ ಬಡಬಡಿಕೆಯಲ್ಲಿ ಹಳೆಯ ಗಾಯ ಬಾಯಿ ತೆರೆಯುವುದು ಮನಸ್ಸಿನ ಧರ್ಮಕ್ಕೆ ವಿರುದ್ಧವಲ್ಲ. ಆ ಗಾಯವನ್ನೇ ರೋಗದ ಬೀಜವೆಂದು ತೋರಿದ್ದು ಮಾತ್ರ ಕೃತಿಯ ದುರ್ಬಲ ಭಾಗ.

ಈ ದೌರ್ಬಲ್ಯವನ್ನು ಮೀರಿ ಕಾದಂಬರಿ ಎದ್ದು ನಿಲ್ಲುವುದು ಕಾವೇರಿ ಮನೆಗೆ ಬಂದ ಮೇಲೆ. ಮನೆಗೆ ಮರಳಿದವಳ ನಗುವೂ ಅನುಮಾನಕ್ಕೆ ಗುರಿ, ಅಳುವೂ ಅನುಮಾನಕ್ಕೆ ಗುರಿ. ಸಿಟ್ಟುಗೊಂಡರೆ ರೋಗ ಮರುಕಳಿಸಿತೆನ್ನುತ್ತಾರೆ. ಸುಮ್ಮನಿದ್ದರೂ ಅದನ್ನೇ ಎನ್ನುತ್ತಾರೆ. ಇತರರಿಗೆ ಸಲ್ಲುವ ಸಣ್ಣಪುಟ್ಟ ಸ್ವಾತಂತ್ರ್ಯಗಳು, ಅಂದರೆ ಒಮ್ಮೆ ರೇಗುವುದು, ಒಮ್ಮೆ ಮರೆಯುವುದು, ಒಮ್ಮೆ ಬೇಸರಪಡುವುದು, ಆಕೆಗೆ ಸಲ್ಲುವುದಿಲ್ಲ. ಬಾಣಗಳನ್ನೇ ಸರಳಾಗಿ ನಿಲ್ಲಿಸಿದ ಪಂಜರವೆಂಬ ಹೆಸರು ಎಷ್ಟು ಸಾರ್ಥಕವೆಂಬುದು ಇಲ್ಲಿ ತಿಳಿಯುತ್ತದೆ. ಯಾವ ಕಡೆಗೆ ಒರಗಿದರೂ ಚುಚ್ಚುವುದೇ. ಆಸ್ಪತ್ರೆಗೆ ಗೋಡೆಯಿತ್ತು, ಬಾಗಿಲೂ ಇತ್ತು. ಈ ಪಂಜರಕ್ಕೆ ಬಾಗಿಲಿಲ್ಲ.

ಈ ಭಾಗದ ಮಹತ್ವ ಅರಿವಾಗಬೇಕಾದರೆ ಅದು ಹುಟ್ಟಿದ ಕಾಲವನ್ನು ನೆನೆಯಬೇಕು. ಶತಮಾನಗಳ ಕಾಲ ಮನೋರೋಗಿಗಳನ್ನು ಕೂಡಿಹಾಕುವುದೇ ಚಿಕಿತ್ಸೆಯಾಗಿತ್ತು. 1938ರಲ್ಲಿ ರೋಮಿನಲ್ಲಿ ವಿದ್ಯುತ್ ಚಿಕಿತ್ಸೆ, 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಕಂಡುಕೊಂಡ ಲಿಥಿಯಂ, 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜೀನ್—ಈ ಹದಿನಾಲ್ಕು ವರ್ಷಗಳಲ್ಲಿ ಸ್ಥಿತಿ ತಿರುಗಿತು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಯಿತು. ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ಇಂದಿನ ನಿಮ್ಹಾನ್ಸ್ ಆಯಿತು. ಹೋದವರು ಮರಳಿ ಬರತೊಡಗಿದ ಮೊದಲ ತಲೆಮಾರು ಅದು. ವೈದ್ಯರಿಗೆ ರೋಗವನ್ನು ಇಳಿಸುವ ವಿದ್ಯೆ ಬಂದಿತ್ತು. ಇಳಿದು ಬಂದವರನ್ನು ಬರಮಾಡಿಕೊಳ್ಳುವ ವಿದ್ಯೆ ಮನೆಗಳಿಗೆ ಬಂದಿರಲಿಲ್ಲ. ಈ ಹೊಸ ದುಃಖವನ್ನು, ಅದು ಹೊಸದಾಗಿದ್ದಾಗಲೇ, ಕಂಡು ಬರೆದ ಕಾದಂಬರಿ ‘ಶರಪಂಜರ’. ತ್ರಿವೇಣಿಯವರನ್ನು ಹಳೆಯ ಕಾಲದ ಕಣ್ಣೀರಿನ ಲೇಖಕಿಯೆನ್ನುವವರು ಈ ಅಂಶವನ್ನು ಗಮನಿಸಿದಂತೆ ಕಾಣುವುದಿಲ್ಲ.

ಇನ್ನು ಸತೀಶನ ವಿಚಾರ. ಆತನಿಗೆ ಪರಸ್ತ್ರೀಯ ನಂಟನ್ನು ಕಟ್ಟಿದ್ದರಿಂದ ಕಥೆಗೆ ಬಿಗಿ ಬಂತು, ನಿಜ; ಆದರೆ ಓದುಗನಿಗೆ ತಪ್ಪಿಸಿಕೊಳ್ಳುವ ದಾರಿಯೂ ಸಿಕ್ಕಿತು. ಗಂಡ ದ್ರೋಹಿ, ಆದ್ದರಿಂದ ಹೆಂಡತಿ ಕೆಟ್ಟಳು ಎಂದು ತೀರ್ಪಿತ್ತು ಪುಸ್ತಕ ಮುಚ್ಚಿಬಿಡಬಹುದು. ಸತೀಶ ಏಕಪತ್ನೀವ್ರತಸ್ಥನೇ ಆಗಿದ್ದು, ಕಾವೇರಿ ಕೈಗೆ ಚಾಕು ತೆಗೆದುಕೊಂಡಾಗಲೆಲ್ಲ ಓರೆಗಣ್ಣಿನಿಂದ ನೋಡುವ ಒಳ್ಳೆಯ ಗಂಡನಾಗಿದ್ದರೆ? ಆಗ ತಪ್ಪಿಸಿಕೊಳ್ಳಲು ನಮಗೆ ದಾರಿಯಿರುತ್ತಿರಲಿಲ್ಲ. ಏಕೆಂದರೆ ದ್ರೋಹಿಗಳು ಕೆಲವರು, ಓರೆಗಣ್ಣಿನವರು ನಾವೆಲ್ಲರೂ. ನೆರೆಹೊರೆಯವರ ಪಾತ್ರಗಳಲ್ಲಿ ಲೇಖಕಿ ಈ ಸತ್ಯವನ್ನು ಮುಟ್ಟಿದ್ದಾರೆ. ಗಂಡನ ಪಾತ್ರದಲ್ಲಿ ಸುಲಭದ ದಾರಿ ಹಿಡಿದಿದ್ದಾರೆ.

ಪುಟ್ಟಣ್ಣ ಕಣಗಾಲರು 1971ರಲ್ಲಿ ಇದನ್ನು ಚಿತ್ರವಾಗಿ ತೆಗೆದರು. ಕಾವೇರಿಯಾಗಿ ಕಲ್ಪನಾ ಅವರ ಅಭಿನಯ ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಸೇರಿಹೋಗಿದೆ. ಬಣ್ಣ, ಹಾಡು, ಭಾವೋದ್ವೇಗ—ಇವುಗಳ ಬಲದಿಂದ ಚಿತ್ರ ಕಾದಂಬರಿಯನ್ನು ಅಕ್ಷರ ಬಾರದವರ ಮನೆಗೂ ಮುಟ್ಟಿಸಿತು; ಅದು ದೊಡ್ಡ ಉಪಕಾರ. ಆದರೆ ಜನ ಅದರಿಂದ ಹೆಕ್ಕಿಕೊಂಡದ್ದೇನು? ಕೆದರಿದ ಕೂದಲು, ಅರಳಿದ ಕಣ್ಣು, ವಿಕಟವಾದ ನಗು. ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಹುಡುಗಿಯರು ಏಕಪಾತ್ರಾಭಿನಯಕ್ಕೆ ಆರಿಸಿಕೊಳ್ಳುವುದು ಹುಚ್ಚಿನ ದೃಶ್ಯವನ್ನೇ. ಮನೆಗೆ ಬಂದ ಕಾವೇರಿ ಅಂಜುತ್ತ ಅಂಜುತ್ತ ಎಲ್ಲರಂತೆ ನಡೆದುಕೊಳ್ಳಲು ಹೆಣಗುವ ದೃಶ್ಯವನ್ನು ಆರಿಸಿಕೊಂಡವರನ್ನು ನಾನು ಕಂಡಿಲ್ಲ. ನಟನೆಗೆ ನಿಜವಾಗಿ ಕಷ್ಟವಾದದ್ದು ಈ ಎರಡನೆಯದು. ನಿಜವಾದ ರೋಗವೂ ಹೆಚ್ಚಾಗಿ ಗದ್ದಲವಿಲ್ಲದೆಯೇ ಇರುತ್ತದೆ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ, ಹಾಲೂಡುತ್ತ ಶೂನ್ಯವನ್ನು ನೋಡುವ ಬಾಣಂತಿಯಲ್ಲಿ ನಾವು ಕಾವೇರಿಯನ್ನು ಗುರುತಿಸುವುದಿಲ್ಲ. ಏಕೆಂದರೆ ಆಕೆಯ ಕೂದಲು ಕೆದರಿರುವುದಿಲ್ಲ.

ಇಲ್ಲಿ ಅಮೆರಿಕದ ಒಂದು ಸಣ್ಣಕತೆ ಹೋಲಿಕೆಗೆ ಬರುತ್ತದೆ. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ಹಳದಿ ಗೋಡೆಕಾಗದ’ದಲ್ಲಿ ಕೂಸಿನ ತಾಯಿಯೊಬ್ಬಳನ್ನು ವೈದ್ಯನಾದ ಆಕೆಯ ಗಂಡನೇ ಮಹಡಿಯ ಕೋಣೆಯಲ್ಲಿ ವಿಶ್ರಾಂತಿಗೆ ಇಡುತ್ತಾನೆ. ಬರೆಯಬಾರದು, ಆಲೋಚಿಸಬಾರದು, ಮಾತು ಕಡಮೆಯಿರಬೇಕು. ದಿನ ಕಳೆದಂತೆ ಆಕೆ ಗೋಡೆಯ ಕಾಗದದ ಚಿತ್ತಾರದ ಹಿಂದೆ ಸೆರೆಯಾದ ಹೆಣ್ಣೊಬ್ಬಳನ್ನು ಕಾಣತೊಡಗುತ್ತಾಳೆ. 1885ರಲ್ಲಿ ಮಗಳನ್ನು ಹೆತ್ತ ಮೇಲೆ ಖಿನ್ನತೆಗೊಳಗಾಗಿದ್ದ ಗಿಲ್ಮನ್, ಫಿಲಡೆಲ್ಫಿಯದ ಪ್ರಖ್ಯಾತ ವೈದ್ಯ ವಿಯರ್ ಮಿಚೆಲ್ಲನ ಇಂಥದೇ ವಿಶ್ರಾಂತಿ ಚಿಕಿತ್ಸೆಯಿಂದ ಬುದ್ಧಿಗೆಡುವ ಅಂಚಿಗೆ ಹೋಗಿ ಬಂದವಳು. ಎರಡು ಕೃತಿಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಗಿಲ್ಮನ್ನಳ ನಾಯಕಿಗೆ ಚಿಕಿತ್ಸೆಯೇ ಸೆರೆ. ತ್ರಿವೇಣಿಯವರ ನಾಯಕಿಗೆ ಚಿಕಿತ್ಸೆ ಬಿಡುಗಡೆ, ಮನೆಯೇ ಸೆರೆ. ಗಿಲ್ಮನ್ ವೈದ್ಯನನ್ನು ಪ್ರಶ್ನಿಸಿದಳು; ತ್ರಿವೇಣಿಯವರು ಸಮಾಜವನ್ನು ಪ್ರಶ್ನಿಸಿದರು. ಒಂದು ವಿಷಯದಲ್ಲಿ ಮಾತ್ರ ಅಮೆರಿಕದ ಕತೆ ಮುಂದಿದೆ: ಅಲ್ಲಿ ಮಾತನಾಡುವವಳು ರೋಗಿಯೇ. ‘ನಾನು’ ಎಂದು ಹೇಳಿ ತನ್ನ ಮನಸ್ಸಿನ ಕುಸಿತವನ್ನು ಒಳಗಿನಿಂದಲೇ ಬರೆಯುವ ಬಾಣಂತಿ ನಮ್ಮ ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಬರಬೇಕಾಗಿದೆ.

ನಮ್ಮ ವಿಮರ್ಶೆ ಮರೆತ ಇನ್ನೊಂದು ಜೀವವಿದೆ, ಅದು ಕೂಸು. ‘ಶರಪಂಜರ’ವನ್ನು ನಾವು ಗಂಡ ಹೆಂಡಿರ ಕಥೆಯಾಗಿ ಚರ್ಚಿಸಿದೆವು, ತಾಯಿ ಆಸ್ಪತ್ರೆಯಲ್ಲಿದ್ದಾಗ ಹಸುಗೂಸಿನ ಗತಿಯೇನೆಂದು ಕೇಳಲಿಲ್ಲ. ವೈದ್ಯಲೋಕವೂ ಬಹುಕಾಲ ಕೇಳಲಿಲ್ಲ. ತಾಯಿಯನ್ನು ಸೇರಿಸಿಕೊಳ್ಳುವಾಗ ಮಗುವನ್ನೂ ಜೊತೆಗೇ ಸೇರಿಸಿಕೊಳ್ಳುವ ಪ್ರಯೋಗವನ್ನು ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಟಾಮ್ ಮೇಯ್ನ್ ಎಂಬ ವೈದ್ಯ ಆರಂಭಿಸಿದ್ದು 1948ರಲ್ಲಿ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿನ ಪ್ರತ್ಯೇಕ ಒಳರೋಗಿ ವಿಭಾಗ ಆರಂಭವಾದದ್ದು 2009ರಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಹೇಳುತ್ತದೆ. ಮಗುವಿಗೆ ಅಪಾಯವಿದ್ದಾಗ ಮಾತ್ರ ಬೇರೆ ಮಾತು. ಕಾವೇರಿಗೆ ಈ ಅನುಕೂಲ ಒದಗಿದ್ದರೆ ಆಕೆ ಮನೆಗೆ ಹುಚ್ಚಾಸ್ಪತ್ರೆಯಿಂದ ಬಂದವಳಾಗಿ ಬರುತ್ತಿರಲಿಲ್ಲ, ಕೂಸನ್ನೆತ್ತಿಕೊಂಡ ತಾಯಿಯಾಗಿ ಬರುತ್ತಿದ್ದಳು. ಹೊಸ್ತಿಲಲ್ಲಿ ನಿಂತು ನೋಡುವವರ ನೋಟವೇ ಬೇರೆಯಾಗುತ್ತಿತ್ತೇನೋ.

ಆದರೆ ಭಾಲ್ಕಿಯಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ನಮ್ಮ ಜನ ದೊಡ್ಡ ಕಾಯಿಲೆಗೆ ಇಂದಿಗೂ ಹೈದರಾಬಾದಿನ ದಾರಿ ಹಿಡಿಯುವುದೇ ಹೆಚ್ಚು. ಹಸಿ ಬಾಣಂತಿಯನ್ನು ಕೂಸಿನೊಡನೆ ಅಷ್ಟು ದೂರ ಒಯ್ಯುವುದಕ್ಕಿಂತ ಹತ್ತಿರದ ತಾಯಿತವೇ ವಾಸಿಯೆಂದು ಬಡವರಿಗೆ ತೋರಿದರೆ ಅದನ್ನು ಮೌಢ್ಯವೆಂದಷ್ಟೇ ಕರೆದು ಮುಗಿಸುವುದು ನಗರದವರ ದರ್ಪವಾದೀತು. ದೂರವೂ ಒಂದು ಕಾರಣ. ಹೀಗಿರುವಾಗ, ಎಲ್ಲ ಚಿಕಿತ್ಸೆಗೂ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲವೆಂಬುದು ಸಮಾಧಾನದ ಸಂಗತಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಸಂಗಡಿಗರು, ಸಾಮಾನ್ಯ ಓದಿನ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯಲ್ಲಿದ್ದ ಬಸುರಿ-ಬಾಣಂತಿಯರ ಮನೆಗೆ ಹೋಗಿ ಕೂತು ಮಾತನಾಡುವಂತೆ ಮಾಡಿದರು. 2008ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಆರು ತಿಂಗಳ ನಂತರ ಹೀಗೆ ಆರೈಕೆ ಪಡೆದವರಲ್ಲಿ ಶೇಕಡಾ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು, ಪಡೆಯದವರಲ್ಲಿ ಶೇಕಡಾ 53 ಮಂದಿಗೆ. ನಮ್ಮ ಓಣಿಗಳಲ್ಲಿ ತಾಯಿ ಕಾರ್ಡು ಹಿಡಿದು ತಿರುಗುವ ಆಶಾ ಕಾರ್ಯಕರ್ತೆಯರು ಇದಕ್ಕೆ ಅಸಮರ್ಥರೆಂದು ಯಾರು ಹೇಳಿಯಾರು? ಎಡಿನ್‌ಬರೋದಲ್ಲಿ 1987ರಲ್ಲಿ ಸಿದ್ಧವಾದ ಹತ್ತೇ ಪ್ರಶ್ನೆಗಳ ಪಟ್ಟಿಯಿಂದ ಖಿನ್ನತೆಯ ಸುಳಿವನ್ನು ಹಿಡಿಯಬಹುದು. 2022ರಿಂದ ನಡೆಯುತ್ತಿರುವ ‘ಟೆಲಿ ಮಾನಸ್’ ಎಂಬ ಸರ್ಕಾರದ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಔಷಧದ ವಿಚಾರದಲ್ಲಿಯೂ ಹಳೆಯ ಭಯವೇ ನಮ್ಮಲ್ಲಿ ಇನ್ನೂ ಆಳುತ್ತಿದೆ. ಬಸುರಿಯಾದೊಡನೆ ಮನಸ್ಸಿನ ಮಾತ್ರೆಗಳನ್ನೆಲ್ಲ ಮನೆಯವರೇ ಕಿತ್ತೆಸೆಯುವುದುಂಟು. ಥಟ್ಟನೆ ನಿಲ್ಲಿಸುವುದರಿಂದ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ವಾಲ್‌ಪ್ರೊಯೇಟಿನಂಥ ಕೆಲವು ಔಷಧಗಳು ಗರ್ಭದ ಶಿಶುವಿಗೆ ಕೆಡುಕು ಮಾಡುವುದರಿಂದ ಬಸಿರಿಗೆ ಮೊದಲೇ ಅವನ್ನು ಬದಲಿಸಬೇಕು. ಲಿಥಿಯಂ ತೆಗೆದುಕೊಳ್ಳುವವರ ರಕ್ತವನ್ನು ಆಗಾಗ ಪರೀಕ್ಷಿಸಬೇಕು. ಖಿನ್ನತೆಯ ಮಾತ್ರೆಗಳಲ್ಲಿ ಸರ್ಟ್ರಲೀನಿನಂಥವು ಹಾಲೂಡುವವರಿಗೂ ಹೊಂದುವಂಥವು. ಇವನ್ನು ತೂಗಿ ನೋಡಿ ಹೇಳಬೇಕಾದವರು ವೈದ್ಯರು. ಕಾದಂಬರಿಯ ವಿಮರ್ಶೆಯಲ್ಲಿ ಮಾತ್ರೆಯ ಮಾತೇಕೆಂದು ಕೇಳುವವರಿರಬಹುದು. ಕಾಯಿಲೆಯನ್ನು ವಸ್ತುವಾಗಿ ಆರಿಸಿಕೊಂಡ ಕೃತಿಯನ್ನು, ಆ ಕಾಯಿಲೆಯ ಬಗ್ಗೆ ನಮಗೆ ಈಗ ಇರುವ ತಿಳಿವಳಿಕೆಯ ಬೆಳಕಿನಲ್ಲಿ ಓದದಿದ್ದರೆ ಆ ಓದು ಅರೆಯಾಗುತ್ತದೆಂಬುದೇ ನನ್ನ ಉತ್ತರ.

ತರಗತಿಯಲ್ಲಿ ಈ ಕಾದಂಬರಿಯ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಬರೆಯುವ ಉತ್ತರ ಒಂದೇ ಬಗೆಯದು: ಕಾವೇರಿಯ ದುರಂತಕ್ಕೆ ಕಾರಣ ಆಕೆಗೆ ಹುಚ್ಚು ಹಿಡಿದದ್ದು. ಒಬ್ಬ ಹುಡುಗಿ ಮಾತ್ರ ಒಮ್ಮೆ ಎದ್ದು ನಿಂತು, “ಸರ್, ಹುಚ್ಚು ಬಿಟ್ಟಿತ್ತಲ್ಲ, ಮತ್ತ ಆಕೀಗಿ ಯಾಕ ಹುಚ್ಚಿ ಅಂತಾರ?” ಎಂದು ಕೇಳಿದಳು. ಕಾದಂಬರಿಯ ತಿರುಳನ್ನು ಆ ಪ್ರಶ್ನೆ ಹಿಡಿದಿತ್ತು. ಜ್ವರ ಬಂದು ಹೋದವಳನ್ನು ನಾವು ಜ್ವರದವಳೆಂದು ಜೀವಮಾನವೆಲ್ಲ ಕರೆಯುವುದಿಲ್ಲ. ಕಾಲು ಮುರಿದು ಕೂಡಿದವನು ಮತ್ತೆ ನಡೆದಾಡುವವನೇ. ಮನಸ್ಸಿನ ಕಾಯಿಲೆ ಮಾತ್ರ ನಮ್ಮ ಭಾಷೆಯಲ್ಲಿ ಬಂದು ಹೋಗುವ ಸ್ಥಿತಿಯಾಗದೆ ಮನುಷ್ಯರ ಹೆಸರೇ ಆಗಿಬಿಡುತ್ತದೆ. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯಲ್ಲಿ ನಗುವವರಿಗೆ, ಹುಚ್ಚು ಬಿಟ್ಟ ಮೇಲೂ ಬಿಡದ ಊರಿನ ನಾಲಗೆಯ ಅರಿವು ಇದ್ದಂತಿಲ್ಲ. ವೈದೇಹಿಯವರ ‘ಅಕ್ಕು’ ಕತೆಯಲ್ಲಿ ಗಂಡ ಬಿಟ್ಟುಹೋದ ಹೆಣ್ಣನ್ನು ಮನೆಮಂದಿ ಹುಚ್ಚಿಯೆಂದು ಕರೆದು ತಮ್ಮ ತಮ್ಮ ಸಣ್ಣತನಗಳನ್ನು ಮುಚ್ಚಿಕೊಳ್ಳುವುದನ್ನು ನೋಡಿದಾಗ, ತ್ರಿವೇಣಿಯವರು ತೆರೆದ ಬಾಗಿಲಿನಿಂದಲೇ ಮುಂದಿನವರು ಇನ್ನೂ ಒಳಗೆ ಹೋದರೆಂದು ತಿಳಿಯುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ರೋಗದ ಕಾರಣವನ್ನು ಹೇಳುವಲ್ಲಿ ‘ಶರಪಂಜರ’ ತನ್ನ ಕಾಲಕ್ಕೆ ಸೇರಿದ ಕೃತಿ. ಗುಣವಾದ ಮೇಲಿನ ಒಂಟಿತನವನ್ನು ಹೇಳುವಲ್ಲಿ ನಮ್ಮ ಕಾಲಕ್ಕೂ ಸೇರಿದ ಕೃತಿ. ಮೊದಲನೆಯದನ್ನು ವೈದ್ಯಶಾಸ್ತ್ರ ತಿದ್ದಿದೆ. ಎರಡನೆಯದನ್ನು ಸುಳ್ಳು ಮಾಡಬೇಕಾದವರು ನಾವು. ಬಾಣಂತಿಯ ಕೋಣೆಗೆ ಹೋದಾಗ ಕೂಸಿನ ಮುಖ ನೋಡುವ ಮೊದಲು ತಾಯಿಯ ಮುಖ ನೋಡಿ, ನಿದ್ದೆ ಬರುತ್ತಿದೆಯೇನವ್ವಾ ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆದ ದಿನ, ಮತ್ತು ಆಸ್ಪತ್ರೆಯಿಂದ ಬಂದವಳಿಗೆ ಮನೆಯ ಕೀಲಿಕೈಯನ್ನೂ ಅಡಿಗೆಮನೆಯ ಚಾಕುವನ್ನೂ ಕೂಸನ್ನೂ ಅಳುಕಿಲ್ಲದೆ ಕೈಗೆ ಕೊಡುವ ದಿನ, ಈ ಕಾದಂಬರಿ ಹಳೆಯದಾಗುತ್ತದೆ. ಹಾಗೆ ಹಳೆಯದಾಗುವುದಕ್ಕಿಂತ ದೊಡ್ಡ ಸಾರ್ಥಕತೆಯನ್ನು ಅದನ್ನು ಬರೆದ ಮಹಿಳೆ ಬಯಸಿರಲಾರರು.